ರಟ್ಟೆಗೂ ಕೂಲಿ ಇದೆ

ಎರಡು ವರ್ಷದ ಹಿಂದೆ ನಮ್ಮನೆ ಮಿಕ್ಸಿಯ ಮೋಟಾರ್ ಸುಟ್ಟುಹೋಯಿತು. ಕಾಯಿಲ್ ಕಟ್ಟಲು 900 ರೂಪಾಯಿ, ಜಾರಿನ ಬುಶ್ ಬದಲಿಸಲು ಇನ್ನೂ 200 ಎಂದ ರಿಪೇರಿಯವನು. ನನಗೆ ಸಿಟ್ಟು ನೆತ್ತಿಗೇರಿತು. ಕರೆಂಟೂ ಬೇಡ, ಈ ರಿಪೇರಿಯೂ ಬೇಡ, ಇನ್ನು ಎಲ್ಲ ಕೈಯಲ್ಲೇ ಎಂದು 2,800 ರೂಪಾಯಿ ತೆತ್ತು ಪುಟ್ಟದೊಂದು ಒರಳುಕಲ್ಲು ತರಿಸಿದೆ. ಜೊತೆಗೆ, ದಾರ ಎಳೆದರೆ ತರಕಾರಿ ಹೆಚ್ಚುವ 349 ರೂಪಾಯಿಯ ಪ್ಲಾಸ್ಟಿಕ್ ಡಬ್ಬಿ.

ಒರಳಿಗೆ ಅಕ್ಕಿ, ಕಲ್ಲುಪ್ಪು ಹಾಕಿ ನಾಲ್ಕು ಸಲ ರುಬ್ಬಿ ಚೆಲ್ಲಿದರೂ ಐದನೇ ಸಲದ ಚಟ್ನಿಯಲ್ಲಿ ಹಲ್ಲಿಗೆ ಕಲ್ಲಿನ ಪುಡಿ ಸಿಕ್ಕಿತು. ಅದೇ ವಾರ ಸಾಗರದಿಂದ ಅತ್ತೆ ಬಂದರು. ಒರಳನ್ನು ಸುತ್ತಿ ನೋಡಿ, "ಹಿತ್ತಲಲ್ಲಿ ನಾಯಿಗೆ ನೀರಿಡೋ ಕಲ್ಲನ್ನ ನೀನು ದುಡ್ಡು ಕೊಟ್ಟು ತಂದ್ಯಾ ಮಾರಾಯ್ತಿ?" ಎಂದರು. ನಾನು ಉಳಿತಾಯದ ಪಾಠ ಶುರುಮಾಡುವ ಮೊದಲೇ ಇನ್ನೊಂದು ಮಾತು ಬಂತು: "ಮೂವತ್ತು ವರ್ಷ ರುಬ್ಬಿದೀನಿ ಕಣೇ. ಗ್ರೈಂಡರ್ ಬಂದ ದಿನ ಅದಕ್ಕೆ ಕುಂಕುಮ ಇಟ್ಟು ಕೈ ಮುಗಿದಿದ್ದೆ."

ಆ ರಾತ್ರಿ ಲೆಕ್ಕಕ್ಕೆ ಕುಳಿತೆ. 750 ವ್ಯಾಟ್‌ನ ಮಿಕ್ಸಿ ದಿನಕ್ಕೆ ಹತ್ತು ನಿಮಿಷ ಓಡಿದರೆ ತಿಂಗಳಿಗೆ ನಾಲ್ಕು ಯುನಿಟ್ ಕೂಡ ಆಗುವುದಿಲ್ಲ. ಯುನಿಟ್‌ಗೆ ಆರು ರೂಪಾಯಿ ಎಂದಿಟ್ಟುಕೊಂಡರೂ ಹೆಚ್ಚುಕಮ್ಮಿ 23 ರೂಪಾಯಿ. 2023ರಲ್ಲಿ ಬಂದ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯ ಮಿತಿಯೊಳಗೇ ಇರುವ ಮನೆಗಾದರೆ ಅದೂ ಸೊನ್ನೆ. ಅದೇ ಕೆಲಸಕ್ಕೆ ಒರಳಲ್ಲಿ ನನಗೆ ನಲವತ್ತು ನಿಮಿಷ ಬೇಕು. ಅಂದರೆ ತಿಂಗಳಿಗೆ ಹದಿನೈದು ಗಂಟೆ ಹೆಚ್ಚು ದುಡಿದು ನಾನು ಉಳಿಸುವುದು 23 ರೂಪಾಯಿ; ಗಂಟೆಗೆ ಒಂದೂವರೆ ರೂಪಾಯಿ ಕೂಲಿ! ಹಿಂದಿನವರ ಅಡುಗೆಮನೆಗೆ ಖರ್ಚೇ ಇರಲಿಲ್ಲ ಎನ್ನುತ್ತೇವಲ್ಲ, ರುಬ್ಬಿದವರಿಗೆ ಯಾರೂ ಕೂಲಿ ಕೊಟ್ಟಿರಲಿಲ್ಲ, ಅಷ್ಟೇ.

ಹಾಗಾದರೆ ಕೈಯಲ್ಲಿ ನಡೆಸುವ ಸಾಮಾನೆಲ್ಲ ದಂಡವೇ? ಅಲ್ಲ. ಅದೇ ಅಡುಗೆಮನೆಯ ಅಟ್ಟದಲ್ಲಿ ನನ್ನ ಹಿತ್ತಾಳೆಯ ಚಕ್ಕುಲಿ ಒರಳಿದೆ. 2009ರಲ್ಲಿ 1,200 ರೂಪಾಯಿ ಕೊಟ್ಟಿದ್ದೆ. ಕೃಷ್ಣಾಷ್ಟಮಿ, ಗೌರಿ ಗಣೇಶ, ದೀಪಾವಳಿ, ಮಕ್ಕಳ ರಜೆ ಎಂದು ವರ್ಷಕ್ಕೆ ಎಂಟು ಸಲವಾದರೂ ಕೆಳಗಿಳಿಯುತ್ತದೆ. ಹದಿನೈದು ವರ್ಷಕ್ಕೆ 120 ಸಲ, ಸಲಕ್ಕೆ ಹತ್ತು ರೂಪಾಯಿ. ರಿಪೇರಿ ಖರ್ಚು ಒಂದು ಪೈಸೆಯೂ ಇಲ್ಲ. ಅಂಗಡಿಯಲ್ಲಿ ನಾನು ಕೊಳ್ಳುವ ಚಕ್ಕುಲಿ ಈಗ ಕಿಲೋಗೆ 400. ಹಿಟ್ಟು, ಬೆಣ್ಣೆ, ಎಣ್ಣೆ, ಗ್ಯಾಸ್ ಸೇರಿ ಮನೆಯದಕ್ಕೆ 180 ಬೀಳುತ್ತದೆ. ಒಂದೂವರೆ ಕಿಲೋ ಮಾಡಿದರೆ 330 ಉಳಿಯಿತು. ಎರಡು ಗಂಟೆ ಕೆಲಸಕ್ಕೆ ಗಂಟೆಗೆ 165. ಕೈ ಅದೇ, ಕೂಲಿ ಮಾತ್ರ ನೂರು ಪಟ್ಟಿಗೂ ಹೆಚ್ಚು.

ವ್ಯತ್ಯಾಸ ಇರುವುದು ಇಲ್ಲೇ. ಒರಳುಕಲ್ಲು ಉಳಿಸುವುದು ಮೋಟಾರಿನ ಕರೆಂಟ್ ಖರ್ಚನ್ನು, ಅದು ಚಿಲ್ಲರೆ ಕಾಸು. ಚಕ್ಕುಲಿ ಒರಳು ಉಳಿಸುವುದು ಅಂಗಡಿಯ ಖರ್ಚನ್ನು. ಹಾಗಾಗಿ ಈಗ ನಾನು ಏನನ್ನೇ ಕೊಳ್ಳುವ ಮೊದಲು ಕೇಳಿಕೊಳ್ಳುವುದು ಇಷ್ಟು: ಇದು ಬಂದರೆ ಏನನ್ನು ಕೊಳ್ಳುವುದು ನಿಲ್ಲುತ್ತದೆ? ವರ್ಷಕ್ಕೆ ಎಷ್ಟು ಸಲ? ಯಾರ ರಟ್ಟೆ?

ಮೂರನೆಯದನ್ನು ಮರೆತರೆ ಸಾಮಾನು ಅಟ್ಟ ಸೇರುತ್ತದೆ. ಚಕ್ಕುಲಿಗೂ ಶಾವಿಗೆಗೂ ಅದುಮುವ ಒತ್ತಿಗಿಂತ ತಿರುಪಿನದು ಭುಜಕ್ಕೆ ಹಗುರ. ಕೊಳವೆ ಅಗಲವಿದ್ದಷ್ಟೂ ಒಮ್ಮೆಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ ನಿಜ, ಬಲವನ್ನೂ ಅಷ್ಟೇ ಹೆಚ್ಚು ಬೇಡುತ್ತದೆ. ಮನೆಯಲ್ಲಿ ಒಬ್ಬರೇ ಒತ್ತುವುದಾದರೆ ಸಣ್ಣದೇ ಸಾಕು. ಅಂಗಡಿಯಲ್ಲೇ ತಿರುಪನ್ನು ಪೂರ್ತಿ ಇಳಿಸಿ ಏರಿಸಿ ನೋಡಿ, ಬಿಲ್ಲೆ ಅಲುಗಾಡದೆ ಕೂರುತ್ತದೆಯೇ ಗಮನಿಸಿ. ಕೆಟ್ಟರೆ ಸರಿಮಾಡಲು ಆಗುತ್ತದೆಯೇ ಎಂದೂ ನೋಡಿ. ನನ್ನ ದಾರದ ಡಬ್ಬಿ ಹತ್ತು ಸಲ ಹೆಚ್ಚಿ, ಹನ್ನೊಂದನೇ ಸಲ ದಾರ ಕಿತ್ತುಕೊಂಡಿತು. ಬಿಚ್ಚಿ ಕಟ್ಟಲು ದಾರಿಯೇ ಇಲ್ಲ. ಸಲಕ್ಕೆ 35 ರೂಪಾಯಿ, ಹಿತ್ತಾಳೆ ಒರಳಿಗಿಂತ ದುಬಾರಿ. ಈಳಿಗೆಮಣೆ ಮೊಂಡಾದರೆ ಸಾಣೆ ಹಿಡಿಸಬಹುದು.

ಹಪ್ಪಳ ಒತ್ತುವ ಮಣೆಯ ಲೆಕ್ಕ ಬೇರೆ. ಹಲಸಿನ ಕಾಯಿ ಬಲಿತು ಬಿಸಿಲು ಚುರುಗುಟ್ಟುವ ದಿನಗಳಲ್ಲಿ ಒಂದು ವಾರ ಬಿಟ್ಟರೆ ಅದಕ್ಕೆ ಕೆಲಸವಿಲ್ಲ. ಅತ್ತೆಯ ಕೇರಿಯಲ್ಲಿ ನಾಲ್ಕು ಮನೆಗೆ ಒಂದೇ ಮಣೆ. ವರ್ಷಕ್ಕೊಮ್ಮೆ ಬೇಕಾಗುವುದನ್ನು ಎರವಲು ತರುವುದು ಜಾಣತನ. ಉಪ್ಪಿನಕಾಯಿ ಜಾಡಿ ಹಾಗಲ್ಲ, ವರ್ಷವಿಡೀ ದುಡಿಯುತ್ತದೆ, ಸ್ವಂತದ್ದೇ ಇರಲಿ. ಒಳಗಿನ ಮೆರುಗು ಬಿರುಕು ಬಿಟ್ಟಿರಬಾರದು, ಮುಚ್ಚಳ ಬಿಗಿಯಾಗಿ ಕೂರಬೇಕು. ಹುಳಿ ಪದಾರ್ಥವನ್ನು ಕಲಾಯಿ ಇಲ್ಲದ ಹಿತ್ತಾಳೆಯಲ್ಲಿಟ್ಟು ಕೆಡಿಸಿಕೊಳ್ಳಬೇಡಿ.

ಇನ್ನು ತುರಿಮಣೆ, ಕಡೆಗೋಲು, ಅಂಗೈ ಅಗಲದ ಅರೆಯುವ ಕಲ್ಲು. ಮಲೆನಾಡಿನ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದಾಗ ಅತ್ತೆಯ ಅಡುಗೆಮನೆ ನಡೆಯುವುದು ಇವುಗಳಿಂದಲೇ. ಇವನ್ನು ವಿಮೆಯ ಕಂತೆಂದು ತಿಳಿಯಿರಿ. ದಿನವೂ ಬಳಸದಿದ್ದರೂ ಮನೆಯಲ್ಲಿರಲಿ.

ಕೊನೆಗೆ 1,100 ರೂಪಾಯಿ ಕೊಟ್ಟು ಮಿಕ್ಸಿ ರಿಪೇರಿ ಮಾಡಿಸಿದೆ. ಒರಳಿನ ಗುಂಡುಕಲ್ಲಿಗೂ ಅತ್ತೆಯೇ ಕೆಲಸ ಹುಡುಕಿಕೊಟ್ಟರು. ಮಾವಿನ ಮಿಡಿಯನ್ನು ಉಪ್ಪಲ್ಲಿ ಹಾಕುವಾಗ ಮೇಲೆ ತೇಲದಂತೆ ತಟ್ಟೆ ಮುಚ್ಚಿ ಅದನ್ನು ಹೇರುತ್ತೇವೆ. "ಭಾರ ಚೆನ್ನಾಗಿದೆ" ಎಂದರು. 2,800 ರೂಪಾಯಿಯ ಭಾರ, ಇರಲೇಬೇಕಲ್ಲ!