ಯುದ್ಧ ಕಲಿಸಿದ ಉಪ್ಪು-ಸಕ್ಕರೆಯ ಪಾಠ

ಔಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಓ.ಆರ್.ಎಸ್. ಪೊಟ್ಟಣವನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಮಗುವಿಗೆ ಭೇದಿಯಾದಾಗ ನೀರಿನಲ್ಲಿ ಕದಡಿ ಕುಡಿಸುವ ಈ ಬಿಳಿ ಪುಡಿಗೂ ಯುದ್ಧಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ, ಅದೂ ನಮ್ಮ ದೇಶದ ನೆಲದಲ್ಲೇ.

ಯುದ್ಧಕಾಲದ ಅಗತ್ಯಗಳಿಂದ ಬಳಕೆಗೆ ಬಂದ ವಸ್ತುಗಳು ನಮ್ಮ ಮನೆಗಳಲ್ಲಿ ಹಲವಾರಿವೆ. ಮೊದಲ ಮಹಾಯುದ್ಧದಲ್ಲಿ ಗಾಯಗಳಿಗೆ ಕಟ್ಟಲೆಂದು ಮರದ ತಿರುಳಿನಿಂದ ತಯಾರಿಸಿದ ಹೀರುಪಟ್ಟಿಯೇ ಮುಂದೆ ಮಹಿಳೆಯರ ಸ್ಯಾನಿಟರಿ ಪ್ಯಾಡ್ ಆಯಿತು. ಪೆನಿಸಿಲಿನ್ ಪತ್ತೆಯಾದದ್ದು 1928ರಲ್ಲಿ. ಆದರೆ ಅದನ್ನು ಭಾರೀ ಪ್ರಮಾಣದಲ್ಲಿ ತಯಾರಿಸುವ ವಿಧಾನ ರೂಪುಗೊಂಡದ್ದು ಎರಡನೇ ಮಹಾಯುದ್ಧದ ಗಾಯಾಳುಗಳಿಗಾಗಿ. ಓ.ಆರ್.ಎಸ್. ಕತೆಯೂ ಹೀಗೆಯೇ. ತಿಳಿವಳಿಕೆ ಮೊದಲೇ ಇತ್ತು. ಜನರ ಕೈಗೆ ಅದನ್ನು ತಲುಪಿಸಿದ್ದು ಯುದ್ಧದ ಸಂಕಟ.

ಬನಗಾಂವ್ ಆಸ್ಪತ್ರೆಯಲ್ಲಿ

1971ರಲ್ಲಿ ಆಗಿನ ಪೂರ್ವ ಪಾಕಿಸ್ತಾನದಲ್ಲಿ, ಅಂದರೆ ಇಂದಿನ ಬಾಂಗ್ಲಾದೇಶದಲ್ಲಿ, ವಿಮೋಚನಾ ಯುದ್ಧ ಆರಂಭವಾಯಿತು. ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ಮಳೆಗಾಲ, ಕಿಕ್ಕಿರಿದ ಶಿಬಿರಗಳು, ಕೊಳಕು ನೀರು. ಕಾಲರಾ ಹರಡಲು ಇನ್ನೇನು ಬೇಕು?

ಪಶ್ಚಿಮ ಬಂಗಾಳದ ಗಡಿಪಟ್ಟಣವಾದ ಬನಗಾಂವ್‌ಗೆ ಕಲ್ಕತ್ತೆಯಿಂದ ಮಕ್ಕಳ ವೈದ್ಯ ಡಾ. ದಿಲೀಪ್ ಮಹಲನಬಿಸ್ ತಮ್ಮ ತಂಡದೊಂದಿಗೆ ಹೋದರು. ಆಸ್ಪತ್ರೆಯಲ್ಲಿ ಇದ್ದದ್ದು ಎರಡು ಕೋಣೆ, 16 ಹಾಸಿಗೆ. ಉಳಿದ ರೋಗಿಗಳೆಲ್ಲ ನೆಲದ ಮೇಲೆ. ಸಲೈನ್ ಬಾಟಲಿಗಳು ಬೇಗನೆ ಮುಗಿಯತೊಡಗಿದವು. ಅವುಗಳನ್ನು ಏರಿಸಲು ಬೇಕಾದಷ್ಟು ಪರಿಣತರೂ ಇರಲಿಲ್ಲ.

ಆಗ ಡಾ. ಮಹಲನಬಿಸ್ ಒಂದು ದಿಟ್ಟ ನಿರ್ಧಾರ ಮಾಡಿದರು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಸೋಡಾ ಬೆರೆಸಿ ಬಾಯಿಯ ಮೂಲಕವೇ ಕುಡಿಸಲು ಆರಂಭಿಸಿದರು. ಪುಡಿಯನ್ನು ಕಲ್ಕತ್ತೆಯಲ್ಲಿ ಅಳೆದು ಪೊಟ್ಟಣ ಕಟ್ಟಿ ತಂದರು. ನಲ್ಲಿಯಿರುವ ಡ್ರಮ್ಮುಗಳಲ್ಲಿ ಕಲಸಿಟ್ಟರು. ಲೋಟಗಳಲ್ಲಿ ಹಿಡಿದು ಕುಡಿಸಿದವರು ರೋಗಿಗಳ ತಾಯಿ, ಅಣ್ಣ, ಅಕ್ಕಂದಿರು. ಅದಕ್ಕೂ ಮೊದಲು ಸಾವಿನ ಪ್ರಮಾಣ ಶೇಕಡಾ 30ರ ಆಸುಪಾಸಿನಲ್ಲಿತ್ತು. ಈ ಚಿಕಿತ್ಸೆ ಪಡೆದ ಸುಮಾರು 3,700 ರೋಗಿಗಳಲ್ಲಿ ಅದು ಶೇಕಡಾ 3.6ಕ್ಕೆ ಇಳಿಯಿತು!

ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಈ ವಿಧಾನವನ್ನು ಜಗತ್ತಿಗೆಲ್ಲ ಹರಡಿತು. 2022ರಲ್ಲಿ ತೀರಿಕೊಂಡ ಡಾ. ಮಹಲನಬಿಸ್ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು.

ಸಕ್ಕರೆ ಏಕೆ ಬೇಕು?

ಭೇದಿಯಲ್ಲಿ ಪ್ರಾಣಕ್ಕೆ ಅಪಾಯ ತರುವುದು ಮುಖ್ಯವಾಗಿ ದೇಹದಿಂದ ನೀರು ಮತ್ತು ಲವಣ ಸೋರಿಹೋಗುವುದು. 10 ಕಿಲೋ ತೂಕದ ಮಗು ಒಂದು ಲೀಟರ್ ನೀರು ಕಳೆದುಕೊಂಡರೆ ಅದರ ಜೀವಕ್ಕೇ ಅಪಾಯ. ಬರಿಯ ನೀರು ಕುಡಿಸಿದರೆ ಲವಣದ ನಷ್ಟ ತುಂಬುವುದಿಲ್ಲ. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಉಪ್ಪಿನ ಸೋಡಿಯಂ ಜೊತೆಗೂಡಿ ಒಳಹೋಗುವ ಒಂದು ದಾರಿಯಿದೆ. ಅವುಗಳ ಹಿಂದೆಯೇ ನೀರೂ ಒಳಸೇರುತ್ತದೆ. ಕಾಲರಾದಲ್ಲೂ ಈ ದಾರಿ ಕೆಡುವುದಿಲ್ಲ. ಆದ್ದರಿಂದ ಸಕ್ಕರೆ ಇಲ್ಲಿ ರುಚಿಗಾಗಿ ಅಲ್ಲ, ಉಪ್ಪನ್ನು ಒಳಗೆ ಸೇರಿಸುವುದಕ್ಕಾಗಿ. ಹಾಗೆಂದು ಅತಿಯಾದ ಸಕ್ಕರೆ ಒಳ್ಳೆಯದಲ್ಲ. ಅದು ನೀರನ್ನು ಕರುಳಿನೊಳಕ್ಕೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ತಂಪು ಪಾನೀಯಗಳನ್ನೂ ಸಿಹಿ ಹಣ್ಣಿನ ಪಾನೀಯಗಳನ್ನೂ ಕೊಡಬಾರದು ಎನ್ನುವುದು ಇದಕ್ಕಾಗಿಯೇ.

2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಉಪ್ಪು, ಗ್ಲೂಕೋಸ್‌ಗಳ ಪ್ರಮಾಣ ತಗ್ಗಿಸಿ ಸುಧಾರಿತ ಸೂತ್ರ ನೀಡಿತು. ಪೊಟ್ಟಣ ಕೊಳ್ಳುವಾಗ ಅದರ ಮೇಲೆ ಈ ಸಂಸ್ಥೆಯ ಸೂತ್ರ ಎಂದು ನಮೂದಾಗಿದೆಯೇ ನೋಡಿಕೊಳ್ಳಿ.

ಮನೆಯಲ್ಲಿ ಏನು ಮಾಡಬೇಕು?

* ಪೊಟ್ಟಣ ಒಂದು ಲೀಟರಿಗೋ 200 ಮಿಲಿ ಲೀಟರಿಗೋ ಎಂಬುದನ್ನು ಓದಿ. ಕುದಿಸಿ ಆರಿಸಿದ ನೀರಿಗೆ ಇಡೀ ಪುಡಿ ಒಮ್ಮೆಲೇ ಹಾಕಿ. ಅರ್ಧ ಪೊಟ್ಟಣ, ಅಂದಾಜು ನೀರು ಬೇಡ. ಕಲಸಿದ ಮೇಲೆ ಕುದಿಸಬೇಡಿ. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ.

* ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ. ಚಮಚ ಗೋಪುರದಂತೆ ತುಂಬಿರದೆ ಮಟ್ಟಸವಾಗಿರಲಿ. ರುಚಿ ನೋಡಿ; ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದಾಗಿ ಮಾಡಿ.

* ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ ಲೀಟರ್, ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ ಲೀಟರ್ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಕೊಡಿ.

* ಎದೆಹಾಲು ನಿಲ್ಲಿಸಬೇಡಿ. ದೊಡ್ಡ ಮಕ್ಕಳಿಗೆ ಗಂಜಿ, ಮಜ್ಜಿಗೆ, ಮೆತ್ತಗಿನ ಅನ್ನ ಕೊಡಿ. ಸತುವಿನ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಅದು ಭೇದಿಯ ಅವಧಿಯನ್ನು ತಗ್ಗಿಸುತ್ತದೆ.

‘ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ, ಹೊಟ್ಟೆ ಖಾಲಿ ಬಿಡಿ’ ಎಂದು ಮನೆಯ ಹಿರಿಯರು ಹೇಳುವುದುಂಟು. ಪ್ರೀತಿಯಿಂದ ಹೇಳಿದ ಮಾತಾದರೂ ಇದು ಅಪಾಯಕಾರಿ. ಓ.ಆರ್.ಎಸ್. ಭೇದಿಯನ್ನು ತಕ್ಷಣ ನಿಲ್ಲಿಸುವುದಿಲ್ಲ, ನಿಜ. ಭೇದಿ ತಾನಾಗಿ ನಿಲ್ಲುವವರೆಗೆ ಜೀವ ಕಾಯುವುದೇ ಅದರ ಕೆಲಸ.

ತಡಮಾಡದೆ ವೈದ್ಯರಲ್ಲಿಗೆ

ಕಣ್ಣು ಗುಳಿಬಿದ್ದಿದ್ದರೆ, ಮಗು ಮಂಕಾಗಿದ್ದರೆ, ಕುಡಿಯಲಾರದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಅದು ನಿಧಾನವಾಗಿ ಸರಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ದಾರಿಯುದ್ದಕ್ಕೂ, ಮಗು ಕುಡಿಯುವಂತಿದ್ದರೆ, ದ್ರಾವಣ ಕುಡಿಸುತ್ತಲೇ ಇರಿ.

ಬನಗಾಂವ್‌ನಲ್ಲಿ ಅಕ್ಷರ ಬಾರದ ತಾಯಂದಿರೂ ಈ ಚಿಕಿತ್ಸೆಯನ್ನು ಸರಿಯಾಗಿ ಮಾಡಿದರು. ನೀವೂ ಮಾಡಬಲ್ಲಿರಿ. ಇವತ್ತೇ ಎರಡು ಪೊಟ್ಟಣ ತಂದು ಮನೆಯಲ್ಲಿಡಿ.