ಬೇರಿಂಗ್ ತರುವ ಮುಂಚೆ ಶಾಫ್ಟ್ ನೋಡು

ಹಳೆ ಸ್ನೋಮೊಬೈಲ್ ಕೊಂಡೆ, ಎಡಗಡೆ ಡ್ರೈವ್ ಶಾಫ್ಟ್ ಬೇರಿಂಗ್ ಲೂಸಾಗಿದೆ, ಶನಿವಾರ ಹೊಸದು ತಂದು ಹಾಕಿಬಿಡ್ತೀನಿ ಅಂದೆಯಲ್ಲ. ಸ್ವಲ್ಪ ತಡಿ ಮಗಾ. ಬೇರಿಂಗ್ ಹಾಕೋದು ಅರ್ಧ ದಿನದ ಕೆಲಸ. ಅದು ಯಾಕೆ ಲೂಸಾಯ್ತು ಅಂತ ಕಂಡುಹಿಡಿಯದೆ ಹಾಕಿದರೆ ಅದೇ ಕೆಲಸ ಫೆಬ್ರವರಿಯಲ್ಲಿ ಇನ್ನೊಂದು ಸಲ. ಮಿನ್ನೆಸೋಟದ ಉತ್ತರದ ಕಾಡಿನೊಳಗೆ, ಮೈನಸ್ ಮೂವತ್ತರಲ್ಲಿ ಕೈಕೊಟ್ಟರೆ ಆ ಕೆಲಸವನ್ನೂ ಮಾಡೋಕಾಗಲ್ಲ, ನಡೆದೇ ಬರಬೇಕು.

ಮೊದಲು ಗಾಡಿಯ ಹಿಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸು. ಎಂಜಿನ್ ಆಫ್ ಮಾಡಿ ಕೀ ಜೇಬಿನಲ್ಲಿ ಇಟ್ಟುಕೋ. ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸುತ್ತಾ ಟಾರ್ಚ್ ಬಿಟ್ಟು ನೋಡು. ಬೇರಿಂಗಿನ ಒಳ ರಿಂಗೂ ಶಾಫ್ಟೂ ಒಟ್ಟಿಗೆ ಆಡಿದರೆ ಗುಂಡುಗಳು ಸವೆದಿವೆ, ಬೇರಿಂಗ್ ಬದಲಾಯಿಸಿದರೆ ಮುಗೀತು. ಒಳ ರಿಂಗ್ ನಿಂತಲ್ಲೇ ನಿಂತು ಅದರೊಳಗೆ ಶಾಫ್ಟ್ ಮಾತ್ರ ಆಡ್ತಿದ್ದರೆ ಕಥೆ ಬೇರೆ. ಅಂಥ ಕಡೆ ರಿಂಗಿನ ಅಂಚಿನಲ್ಲಿ ಕುಂಕುಮದಂಥ ಕೆಂಪು ಪುಡಿ ಕಾಣುತ್ತೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಬಂದ ತುಕ್ಕು ಅದು. ಒಳ ರಿಂಗ್ ಶಾಫ್ಟಿನ ಹಿಡಿತ ಬಿಟ್ಟು, ಅದನ್ನೇ ತಿಂದಿದೆ ಅಂತ ಅರ್ಥ.

ಟ್ರ್ಯಾಕ್ ಸಡಿಲಿಸಿ, ಶಾಫ್ಟಿಗೆ ಆಸರೆ ಕೊಟ್ಟು, ಬೇರಿಂಗನ್ನು ಶಾಫ್ಟಿಗೆ ಹಿಡಿದಿಡುವ ಲಾಕ್ ಕಾಲರ್ ಇದ್ದರೆ ಅದನ್ನು ಬಿಚ್ಚಿ, ಪುಲ್ಲರ್ ಹಾಕಿ ಬೇರಿಂಗ್ ತೆಗಿ. ಸುತ್ತಿಗೆ ಬೇಡ. ಶಾಫ್ಟ್ ಮೇಲೆ ಕಾಲರಿನ ಸೆಟ್ ಸ್ಕ್ರೂ ಕಚ್ಚಿದ ಜಾಗದಲ್ಲಿ ಸಣ್ಣ ಉಬ್ಬು ಎದ್ದಿರುತ್ತೆ. ಅದನ್ನು ಅರದಿಂದ ಸಮ ಮಾಡಿ, ಎಮೆರಿ ಕಾಗದದಲ್ಲಿ ತುಕ್ಕು ಒರೆಸು. ಆಮೇಲೆ ಮೈಕ್ರೋಮೀಟರ್. ಹಲವು ಗಾಡಿಗಳಲ್ಲಿ ಅಲ್ಲಿನ ಅಳತೆ 25 ಮಿಲಿಮೀಟರ್. ಬೇರಿಂಗ್ ಕೂರುವ ಜಾಗದಲ್ಲೂ, ಅದರ ಪಕ್ಕದ ಸವೆಯದ ಭಾಗದಲ್ಲೂ ಅಳೆದು ನೋಡು, ಸತ್ಯ ಗೊತ್ತಾಗುತ್ತೆ.

ಊರಲ್ಲಿ ಪಂಪ್‌ಸೆಟ್ ಮೋಟಾರ್ ರಿಪೇರಿಯವರು ಸೆಂಟರ್ ಪಂಚ್‌ನಿಂದ ಶಾಫ್ಟ್ ತುಂಬ ಚುಕ್ಕಿ ಹೊಡೆದು ಬೇರಿಂಗ್ ಬಿಗಿ ಮಾಡೋದನ್ನ ನೀನೂ ನೋಡಿರ್ತೀಯ. ಇಲ್ಲಿನ ಗ್ಯಾರೇಜುಗಳಲ್ಲೂ ಆ ಚಾಳಿ ಇದೆ. ಅದನ್ನು ಮಾತ್ರ ಮಾಡಬೇಡ. ಇಡೀ ಭಾರ ಆ ಚುಕ್ಕಿಗಳ ತುದಿ ಮೇಲೆ ನಿಲ್ಲುತ್ತೆ, ತುದಿಗಳು ನಜ್ಜಾಗುತ್ತವೆ, ಮತ್ತೆ ಸಡಿಲ. ಸವೆತ ಕೂದಲೆಳೆಯಷ್ಟಿದ್ದರೆ ಲಾಕ್‌ಟೈಟ್ 660 ಥರದ ಅಂಟು ಒಂದು ಸೀಸನ್ ತಳ್ಳುತ್ತೆ. ಬೆಚ್ಚಗಿನ ಶೆಡ್ಡಿನಲ್ಲೇ ಹಚ್ಚು, ಚಳಿಯಲ್ಲಿ ಬೇಗ ಗಟ್ಟಿಯಾಗಲ್ಲ. ಅದಕ್ಕಿಂತ ಹೆಚ್ಚು ತಿಂದಿದ್ದರೆ ಲೇತ್ ಶಾಪಿನಲ್ಲಿ ಸ್ಲೀವ್ ಹಾಕಿಸು, ಇಲ್ಲವೇ ಬೇರೆ ಶಾಫ್ಟ್ ತಾ. ಕೆಲವು ಮಾಡೆಲ್‌ಗಳಲ್ಲಿ ಬ್ರೇಕ್ ಡಿಸ್ಕ್ ಇದೇ ಶಾಫ್ಟ್ ಮೇಲಿರುತ್ತೆ. ನಿನ್ನದೂ ಹಾಗಿದ್ದರೆ ಅಂಟಿನ ಮಾತೇ ಬೇಡ.

ಬೇರಿಂಗನ್ನು ಹಳೆಯದರ ನಂಬರ್ ನೋಡಿಯೇ ತಾ. ಕಾಲರ್ ಇರುವಂಥದಕ್ಕೆ ಒಳ ರಿಂಗ್ ಉದ್ದ ಚಾಚಿರುತ್ತೆ. ಮೋಟಾರಿಗೆ ಹಾಕುವ ಮಾಮೂಲಿ 6205ಕ್ಕೂ 25 ಮಿಲಿಮೀಟರ್ ತೂತೇ, ಆದರೆ ಕಾಲರ್ ಕೂರೋಕೆ ಅದರಲ್ಲಿ ಜಾಗ ಇಲ್ಲ. ಆ ಲಾಕ್ ಕಾಲರಿನ ತೂತು ಕೇಂದ್ರ ತಪ್ಪಿಸಿ ಕೊರೆದದ್ದು, ತಿರುಗಿಸಿದಷ್ಟೂ ಕಚ್ಚುತ್ತೆ. ಗಾಡಿ ಮುಂದೆ ಹೋಗುವಾಗ ಶಾಫ್ಟ್ ತಿರುಗುವ ದಿಕ್ಕಿಗೇ ಕಾಲರ್ ತಿರುಗಿಸಿ ತಟ್ಟು, ಆಮೇಲೆ ಸ್ಕ್ರೂ ಬಿಗಿ ಮಾಡು. ನಿನ್ನ ಮಾಡೆಲ್ಲಿನ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದರ ಮಾತೇ ಸರಿ.

ಟ್ರ್ಯಾಕ್ ತೀರಾ ಬಿಗಿ ಇಟ್ಟವರ ಬೇರಿಂಗ್ ಬಾಳಲ್ಲ. ಪ್ರೆಶರ್ ವಾಷರ್ ನೇರ ಸೀಲಿಗೆ ಹಿಡಿಯುವವರದ್ದೂ ಅಷ್ಟೇ.

ಜೋಡಿಸಿದ ಮೇಲೆ ಗಾಡಿ ಎತ್ತಿಟ್ಟು ಟ್ರ್ಯಾಕ್ ಓಡಿಸಿ ನೋಡ್ತೀಯಲ್ಲ, ಆಗ ಹಿಂದೆ ಯಾರೂ ನಿಲ್ಲಬಾರದು, ಐಸ್ ಚೂರು ಕಲ್ಲಿನ ಹಾಗೆ ಹಾರುತ್ತೆ. ಮೊದಲ ದಿನ ಮನೆ ಸುತ್ತಮುತ್ತಲೇ ಓಡಿಸು. ನಿಲ್ಲಿಸಿ ಬೇರಿಂಗಿನ ಹೌಸಿಂಗ್ ಬಿಸಿಯಾಗಿದೆಯಾ ಅಂತ ಮುಟ್ಟಿ ನೋಡು, ಕಾಲರ್ ಸ್ಕ್ರೂ ಇನ್ನೊಮ್ಮೆ ಬಿಗಿ ಮಾಡು. ಮೈಕ್ರೋಮೀಟರ್ ಇಲ್ಲದಿದ್ದರೆ ನನ್ನದು ಒಯ್ಯಿ, ಶುಕ್ರವಾರ ಸಂಜೆ ಮನೆಯಲ್ಲೇ ಇರ್ತೀನಿ.