ಕಲಿಯುವ ಕೈಗೂ ನ್ಯಾಯದ ಸಂಬಳ ಬೇಕು

ಐಟಿಐ ಫಿಟ್ಟರ್ ಮುಗಿಸಿದ ಹುಡುಗ ಪೀಣ್ಯದ ಕಾರ್ಖಾನೆಯೊಂದಕ್ಕೆ ಸೇರುತ್ತಾನೆ. ದಿನವಿಡೀ ಮಷಿನ್ ಮುಂದೆ ನಿಂತು ದುಡಿದರೂ ತಿಂಗಳ ಕೊನೆಗೆ ಸಿಗುವ ದುಡ್ಡು ರೂಮಿನ ಬಾಡಿಗೆಗೂ ಸಾಲದು. ಕೇಳಿದರೆ, ‘ಇನ್ನೂ ಕಲೀತಿದ್ದೀಯಲ್ಲಪ್ಪ’ ಎಂಬ ಉತ್ತರ. ಆದರೆ ಕಲಿಯುವವರಿಗೆ ಎಷ್ಟು ಕೊಡಬೇಕೆಂಬುದು ಮಾಲೀಕರ ಮರ್ಜಿಗೆ ಬಿಟ್ಟ ವಿಷಯವಲ್ಲ. ನಿಮಗೆ ಬರಬೇಕಾದದ್ದು ಎಷ್ಟೆಂದು ತಿಳಿಯಲು ಹೀಗೆ ಮಾಡಿ.

1. ಕರಾರು ಪತ್ರ ಕೇಳಿ ಪಡೆಯಿರಿ

1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿಗೆ ಸೇರುವವರೊಂದಿಗೆ ಮಾಲೀಕರು ಕರಾರು ಮಾಡಿಕೊಂಡು ನೋಂದಣಿಗೆ ಕಳಿಸಬೇಕು. ಅಭ್ಯರ್ಥಿಗೆ 18 ವರ್ಷ ತುಂಬಿರದಿದ್ದರೆ ಪೋಷಕರ ಸಹಿ ಬೇಕು. ಪತ್ರದ ಒಂದು ಪ್ರತಿ ನಿಮ್ಮ ಬಳಿ ಇರಲಿ. ಮುಂದಿನ ಎಲ್ಲ ಲೆಕ್ಕಕ್ಕೂ ಈ ಕಾಗದವೇ ಆಧಾರ.

2. ಸ್ಟೈಪೆಂಡೋ, ಕನಿಷ್ಠ ವೇತನವೋ?

ಕಾಯ್ದೆಯಡಿ ಸೇರಿದ್ದರೆ ನೀವು ಕಾನೂನಿನ ಕಣ್ಣಿಗೆ ಕಾರ್ಮಿಕರಲ್ಲ, ತರಬೇತಿ ಪಡೆಯುವವರು. ಕನಿಷ್ಠ ವೇತನ ಅನ್ವಯಿಸದು, ಸ್ಟೈಪೆಂಡ್ ಸಿಗುತ್ತದೆ.

2019ರ ವೇತನ ಸಂಹಿತೆ ವಿನಾಯಿತಿ ಕೊಟ್ಟಿರುವುದು ಈ ಕಾಯ್ದೆಯಡಿ ಸೇರಿದ ಅಪ್ರೆಂಟಿಸ್‌ಗಳಿಗೆ ಮಾತ್ರ. ಕರಾರೇ ಇಲ್ಲದೆ ‘ಟ್ರೈನಿ’, ‘ಹೆಲ್ಪರ್’ ಎಂದು ಕರೆದು ದುಡಿಸಿಕೊಂಡರೆ ಆ ವಿನಾಯಿತಿ ಸಿಗುವುದಿಲ್ಲ. ಅಂಥವರು ಕನಿಷ್ಠ ವೇತನ ಕೇಳಬಹುದು.

3. ಮೊತ್ತ ತಾಳೆ ನೋಡಿ

2019ರ ತಿದ್ದುಪಡಿಯಲ್ಲಿ ನಿಗದಿಯಾದ ಮಾಸಿಕ ಕನಿಷ್ಠ ಸ್ಟೈಪೆಂಡ್:
- 5ರಿಂದ 9ನೇ ತರಗತಿ: ₹5,000
- ಎಸ್ಸೆಸ್ಸೆಲ್ಸಿ: ₹6,000
- ಪಿಯುಸಿ, ಐಟಿಐ: ₹7,000
- ಡಿಪ್ಲೊಮಾ: ₹8,000
- ಪದವಿ: ₹9,000

ಎರಡನೇ ವರ್ಷ ಇದು ಶೇ 10ರಷ್ಟು ಏರಬೇಕು. ಅಂದರೆ ಐಟಿಐ ಮುಗಿಸಿದವರಿಗೆ ₹7,700. ಇದು ತಳಮಟ್ಟ, ಮಾಲೀಕರು ಹೆಚ್ಚು ಕೊಡಲು ಅಡ್ಡಿಯಿಲ್ಲ. ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶೇ 36ರ ಹೆಚ್ಚಳಕ್ಕೆ ಶಿಫಾರಸು ಮಾಡಿದೆ. ಹಾಗಾಗಿ ಸೇರುವಾಗ ಜಾರಿಯಲ್ಲಿರುವ ದರವನ್ನು ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

4. ತಿಂಗಳು ತಿಂಗಳು ಗಮನಿಸಿ

- ಸ್ಟೈಪೆಂಡ್ ಮುಂದಿನ ತಿಂಗಳ 10ರೊಳಗೆ ಕೈಸೇರಬೇಕು.
- ಸಾಂದರ್ಭಿಕ ರಜೆ, ವೈದ್ಯಕೀಯ ರಜೆಗೆ ಹಣ ಕಡಿಯುವಂತಿಲ್ಲ.
- ‘ಇಷ್ಟು ಪೀಸಿಗೆ ಇಷ್ಟು’ ಎಂಬ ಲೆಕ್ಕದಲ್ಲಿ ಹಣ ಕೊಡುವಂತಿಲ್ಲ.
- ಕಾಯ್ದೆಯಡಿ ಸರ್ಕಾರ ನೇಮಿಸುವ ಅಪ್ರೆಂಟಿಸ್‌ಶಿಪ್ ಸಲಹೆಗಾರರ ಒಪ್ಪಿಗೆಯಿಲ್ಲದೆ ಓಟಿ ಮಾಡಿಸುವಂತಿಲ್ಲ.
- ತರಬೇತಿ ವೇಳೆ ಗಾಯವಾದರೆ ಪರಿಹಾರದ ಹೊಣೆ ಮಾಲೀಕರದು.

ಹಾಜರಿ, ಬಂದುಹೋದ ಹೊತ್ತು, ಪಡೆದ ಹಣ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬರೆದಿಡಿ. ತಕರಾರು ಬಂದ ದಿನ ಆಸರೆಯಾಗುವುದು ಅದೇ.

5. ಕೊರತೆಯಾದರೆ

ಮೊದಲು ಮಾಲೀಕರಿಗೆ ಬರವಣಿಗೆಯಲ್ಲಿ ಕೇಳಿ, ಪ್ರತಿ ಇಟ್ಟುಕೊಳ್ಳಿ. ಬಗೆಹರಿಯದಿದ್ದರೆ, ಕರಾರು ಇರುವವರು ಅಪ್ರೆಂಟಿಸ್‌ಶಿಪ್ ಸಲಹೆಗಾರರಿಗೆ ದೂರು ಕೊಡಬೇಕು. ಯಾರನ್ನು ಕಾಣಬೇಕೆಂದು ಗೊತ್ತಾಗದಿದ್ದರೆ ನೀವು ಓದಿದ ಐಟಿಐಯಲ್ಲಿ ವಿಚಾರಿಸಿ. ಸಲಹೆಗಾರರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ. ಕರಾರು ಇಲ್ಲದವರು ಕಾರ್ಮಿಕ ಇಲಾಖೆಗೆ ಹೋಗಬೇಕು. ವೇತನ ಸಂಹಿತೆಯಡಿ ಬಾಕಿ ಕೇಳಲು 3 ವರ್ಷ ಕಾಲಾವಕಾಶವಿದೆ.

ಮಕ್ಕಳನ್ನು ಕೆಲಸಕ್ಕೆ ಕಳಿಸುವ ಅಪ್ಪ ಅಮ್ಮಂದಿರಲ್ಲಿ ಒಂದು ಮನವಿ: ಮೊದಲ ದಿನ ಬುತ್ತಿ ಕಟ್ಟಿಕೊಡುವಾಗಲೇ, ‘ಕರಾರು ಪತ್ರದ ಪ್ರತಿ ಕೇಳಿ ತಗೊಂಡು ಬಾ’ ಎಂದೂ ಹೇಳಿ ಕಳಿಸಿ.